ಬಣ್ಣಕ್ಕಾಗಿ ಕಾದ ಕಲಾವಿದ

ಅಮೂರ್ತ ಚಿತ್ರವೆಂದರೆ ಮನಸ್ಸಿಗೆ ಬಂದಂತೆ ಬಣ್ಣ ಎರಚುವುದು ಎಂದು ನಂಬಿದವರು ವಿ.ಎಸ್. ಗಾಯ್ತೊಂಡೆ (1924–2001) ಅವರ ಕ್ಯಾನ್ವಾಸಿನ ಮುಂದೆ ಒಮ್ಮೆ ನಿಲ್ಲಬೇಕು. ಮುಂಬೈನ ಜೆ.ಜೆ. ಕಲಾಶಾಲೆಯಲ್ಲಿ ಕಲಿತ ಅವರು ಮೊದಮೊದಲು ಆಕೃತಿಗಳನ್ನೇ ಬರೆದರು. ಚಿತ್ರಕಾರ ಪಾಲ್ ಕ್ಲೀಯ ಪ್ರಭಾವ ಅವರನ್ನು ಬೇರೆ ದಾರಿಗೆ ಎಳೆಯಿತು. ಆಮೇಲೆ ಕುಂಚಕ್ಕಿಂತ ರೋಲರ್ ಮತ್ತು ಪ್ಯಾಲೆಟ್ ಚಾಕುವನ್ನೇ ಹೆಚ್ಚು ನೆಚ್ಚಿದರು. ತೆಳುವಾದ ಬಣ್ಣದ ಪದರದ ಮೇಲೆ ಪದರ ಹಾಸಿ, ಕೆಲವೆಡೆ ಕೆರೆದು, ಹರಿದ ಕಾಗದದ ತುಂಡುಗಳನ್ನು ಒತ್ತಿ, ಕೆಳಗಿನ ಬಣ್ಣವೂ ಕಾಣುವಂತೆ ಮಾಡುತ್ತಿದ್ದರು. ಹಳದಿಯೊಂದರಲ್ಲೇ ಬೆಳಕು, ನೆರಳು, ಆಳ ಮೂರೂ ಹುಟ್ಟುವುದು ಹಾಗೆ. ವರ್ಷಕ್ಕೆ ಬೆರಳೆಣಿಕೆಯ ಚಿತ್ರಗಳು. ಉಳಿದ ಕಾಲವೆಲ್ಲ ಧ್ಯಾನದಂಥ ಯೋಚನೆ. ಆಕೃತಿಯನ್ನು ಬಿಟ್ಟವನಿಗೆ ಶಿಸ್ತು ದುಪ್ಪಟ್ಟು ಬೇಕು. ನಮ್ಮ ಕಲಾಶಾಲೆಗಳು ಬಣ್ಣ ಹಚ್ಚುವುದರ ಜೊತೆಗೆ ಬಣ್ಣಕ್ಕಾಗಿ ಕಾಯುವುದನ್ನೂ ಕಲಿಸಲಿ.