ತೊಟ್ಟಿಲ ಕೂಸಿಗೂ ಒಂದು ಚೀಟಿ

ಶಹಾಡ್‌ನ ರೇಯಾನ್ ಕಾರ್ಖಾನೆಯ ಬಂಧುಗಳು ನಮ್ಮನ್ನು ಕೇಳುವುದುಂಟು: ರಷ್ಯದಲ್ಲಿ ಕಾರ್ಖಾನೆಗಳೆಲ್ಲ ಕಾರ್ಮಿಕರವೇ ಆಗಿದ್ದುವಲ್ಲ, ಧಣಿಗಳ ಕೈಸೇರಿದ್ದು ಹೇಗೆ?

1991ರಲ್ಲಿ ಸೋವಿಯತ್ ಒಕ್ಕೂಟ ಮುರಿಯಿತು. 1992ರ ಜನವರಿಯಲ್ಲಿ ಬೆಲೆಗಳ ಕಟ್ಟು ಬಿಚ್ಚಿದರು. ವರ್ಷದೊಳಗೆ ಅವು ಇಪ್ಪತ್ತು ಪಟ್ಟಿಗೂ ಮಿಕ್ಕಿ ಏರಿ, ಕೂಡಿಟ್ಟ ಹಣ ಕರಗಿತು. ಅದೇ ಅಕ್ಟೋಬರಿನಿಂದ ತೊಟ್ಟಿಲ ಕೂಸಿಗೂ 10,000 ರೂಬಲ್ ಮುಖಬೆಲೆಯ ಚೀಟಿ ಹಂಚಿ, ದೇಶದ ಆಸ್ತಿಯಲ್ಲಿ ಇದು ನಿಮ್ಮ ಪಾಲು ಎಂದರು. ಹಸಿದವನು ಚೀಟಿ ಕಾಯ್ದು ಕೂರುವನೇ? ಎಷ್ಟೋ ಮಂದಿ ಸಿಕ್ಕ ಬೆಲೆಗೆ ಮಾರಿದರು. ರಾಶಿಗಟ್ಟಲೆ ಕೊಂಡವರು ಒಡೆಯರಾದರು.

"ಈ ಹೋಟೆಲು ನಿಮ್ಮದೇ" ಎಂಬ ಮಾತನ್ನು ಲೋಟ ತೊಳೆಯುತ್ತ ನಾವೂ ಕೇಳಿದವರೇ. ಲೆಕ್ಕದ ಪುಸ್ತಕವನ್ನು ಮಾತ್ರ ಎಂದೂ ನೋಡಲಿಲ್ಲ. ಅಲ್ಲಿಯೂ ಎಪ್ಪತ್ತು ವರ್ಷ ಕಾರ್ಖಾನೆ ನಿಮ್ಮದೆಂದರು. ಲೆಕ್ಕ ಕೇಳುವ ಸ್ವತಂತ್ರ ಸಂಘ ಕಟ್ಟಲು ಬಿಡಲಿಲ್ಲ. ಮಾರುವ ದಿನ ಬಂದಾಗ ಕಾರ್ಮಿಕರ ಕೈಯಲ್ಲಿದ್ದುದು ಆ ಚೀಟಿ.