ವಿಸಿಟ್ ವೀಸಾ ಏಜೆಂಟರಿಗೆ ಭಯವೇ ಇಲ್ಲ



ವಿಸಿಟ್ ವೀಸಾದಲ್ಲಿ ದುಬೈಗೆ ಕೆಲಸಕ್ಕೆ ಹೋಗಿ ಸಿಕ್ಕಿಬಿದ್ದವರ ಸುದ್ದಿ ಬಂದಾಗಲೆಲ್ಲ ಅಧಿಕಾರಿಗಳು ‘ಏಜೆಂಟರನ್ನು ನಂಬಬೇಡಿ’ ಎಂದು ಹುಡುಗರಿಗೇ ಬುದ್ಧಿ ಹೇಳುತ್ತಾರೆ. ಆ ಏಜೆಂಟರನ್ನು ಏನು ಮಾಡಿದಿರಿ ಎಂದು ಕೇಳಿದರೆ ಮಾತಿಲ್ಲ.

‘ಈಗ ವಿಸಿಟ್‌ನಲ್ಲಿ ಹೋಗು, ಅಲ್ಲಿ ಕಂಪನಿಯವರೇ ಚೇಂಜ್ ಮಾಡಿಸುತ್ತಾರೆ’ ಎಂಬ ಏಜೆಂಟರ ಮಾತು ಪೂರ್ತಿ ಸುಳ್ಳಲ್ಲ, ಅದಕ್ಕೇ ಹುಡುಗರು ನಂಬುವುದು. ಯುಎಇಯಲ್ಲಿ ದೇಶ ಬಿಡದೆಯೇ ವಿಸಿಟ್‌ನಿಂದ ಉದ್ಯೋಗ ವೀಸಾಕ್ಕೆ ಬದಲಾಗುವ ದಾರಿ ಇದೆ. ಆದರೆ ಕಂಪನಿ ಮೊದಲು ವರ್ಕ್ ಪರ್ಮಿಟ್ ತೆಗೆಸಬೇಕು. ಅದಿಲ್ಲದೆ ಒಂದು ದಿನ ದುಡಿದರೂ ಅಪರಾಧ. ಅವಧಿ ಮೀರಿ ಉಳಿದರೆ ದಿನಕ್ಕೆ 50 ದಿರ್ಹಂ ದಂಡ. ನೇಮಕಾತಿಯ ಖರ್ಚನ್ನು ಕೆಲಸಗಾರನಿಂದ ವಸೂಲು ಮಾಡಬಾರದೆಂದು ಅಲ್ಲಿನ 2021ರ ಕಾರ್ಮಿಕ ಕಾನೂನೇ ಹೇಳುತ್ತದೆ. ನಮ್ಮ ಕರಾವಳಿಯ ಮನೆಗಳಲ್ಲಿ ಅದಕ್ಕೆ ಚಿನ್ನ ಅಡವಿಡುತ್ತಾರೆ.

ಇನ್ನು ನಮ್ಮ ಕಡೆಯ ವ್ಯವಸ್ಥೆ. ಹತ್ತನೇ ತರಗತಿ ಪಾಸಾಗದವರಿಗೆ ಸಾಮಾನ್ಯವಾಗಿ ಇಸಿಆರ್ (ಎಮಿಗ್ರೇಷನ್ ತಪಾಸಣೆ ಅಗತ್ಯವಿರುವ) ಪಾಸ್‌ಪೋರ್ಟ್ ಸಿಗುತ್ತದೆ. ಅವರು ಗಲ್ಫ್‌ಗೆ ಉದ್ಯೋಗ ವೀಸಾದಲ್ಲಿ ಹೊರಟರೆ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ದಾಖಲಾಗಿ ಎಮಿಗ್ರೇಷನ್ ಕ್ಲಿಯರೆನ್ಸ್ ಪಡೆಯಬೇಕು, ಜೊತೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ 10 ಲಕ್ಷ ರೂಪಾಯಿ ವಿಮೆಯೂ ಇರುತ್ತದೆ. ವಿಸಿಟ್ ವೀಸಾದವನಿಗೆ ಇದ್ಯಾವುದೂ ಇಲ್ಲ. ಸರ್ಕಾರದ ಲೆಕ್ಕದಲ್ಲಿ ಅವನು ಬುರ್ಜ್ ಖಲೀಫಾ ನೋಡಲು ಹೊರಟ ಪ್ರವಾಸಿ! ಏಜೆಂಟನಿಗೆ ಬೇಕಿರುವುದೂ ಅದೇ.

ಶಿಕ್ಷೆಯನ್ನಾದರೂ ನೋಡಿ. ಪರ್ಮಿಟ್ ಇಲ್ಲದವರನ್ನು ದುಡಿಸಿಕೊಳ್ಳುವ ಮಾಲೀಕರಿಗೆ 1 ಲಕ್ಷದಿಂದ 10 ಲಕ್ಷ ದಿರ್ಹಂವರೆಗೆ ದಂಡ ಹಾಕುವ ತಿದ್ದುಪಡಿಯನ್ನು ಯುಎಇ 2024ರಲ್ಲಿ ತಂದಿತು. ನಮ್ಮ 1983ರ ಎಮಿಗ್ರೇಷನ್ ಕಾಯ್ದೆಯಲ್ಲಿ ನೋಂದಣಿಯಿಲ್ಲದೆ ಜನರನ್ನು ಕಳಿಸುವವನಿಗೆ ಎರಡು ವರ್ಷದವರೆಗೆ ಜೈಲೇನೋ ಇದೆ, ದಂಡ ಮಾತ್ರ 2,000 ರೂಪಾಯಿವರೆಗೆ. ಅವನ ಒಂದು ವಾರದ ಚಹಾ ಖರ್ಚು ಅದಕ್ಕಿಂತ ಜಾಸ್ತಿ ಇದ್ದೀತು.

ನೋಂದಾಯಿತ ಏಜೆಂಟ್ ಅಭ್ಯರ್ಥಿಯಿಂದ ಪಡೆಯಬಹುದಾದ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ, ಅದಕ್ಕೆ ರಸೀದಿ ಕೊಡಲೇಬೇಕು. ಜಾಹೀರಾತಿನಲ್ಲಿ ಪರವಾನಗಿ ಸಂಖ್ಯೆಯೂ ಇರಬೇಕು. ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ, ವಾಟ್ಸ್ಆ್ಯಪ್ ಗುಂಪುಗಳಲ್ಲಿ ಸಂಖ್ಯೆಯಿಲ್ಲದೆ ‘ಗಲ್ಫ್ ಉದ್ಯೋಗ, ತಕ್ಷಣ ಪ್ರಯಾಣ’ ಎಂದು ಹಾಕುವವರ ಫೋನ್ ನಂಬರು ಅಲ್ಲೇ ಇರುತ್ತದೆ. ಮೋಸ ಹೋದವನು ಬಂದು ದೂರು ಕೊಡಲಿ ಎಂದು ಪೊಲೀಸರು ಕಾಯುವುದೇಕೆ? ಪತ್ರಿಕೆಗಳೂ ಪರವಾನಗಿ ಸಂಖ್ಯೆ ಇಲ್ಲದ ಇಂಥ ಜಾಹೀರಾತುಗಳನ್ನು ಪಡೆಯುವುದನ್ನು ನಿಲ್ಲಿಸಲಿ, ಈ ಪತ್ರಿಕೆಯ ವರ್ಗೀಕೃತ ಪುಟವೂ ಸೇರಿದಂತೆ.

– ಓದುಗ, ಕುಂದಾಪುರ