ಆ ಮುಸುಕು ಅವನಿಗಾಗಿ ಅಲ್ಲ ಸ್ವಾಮಿ

"ರೇಪ್ ಮಾಡಿದೋನ ಮುಖಕ್ಕೆ ಪೊಲೀಸ್ರು ಬಟ್ಟೆ ಯಾಕೆ ಮುಚ್ತಾರೆ? ಅವನಿಗೆಂಥ ಮರ್ಯಾದೆ?" ಹಂಪಿ ಬಜಾರಿನಲ್ಲಿ ಈ ಪ್ರಶ್ನೆಯನ್ನ ನನಗೆ ಎಷ್ಟು ಜನ ಕೇಳಿದ್ದಾರೋ ಲೆಕ್ಕ ಇಟ್ಟಿಲ್ಲ. ನಾನು ಹೊಸಪೇಟೆಯವನು, ಓದಿದ್ದು ಇಂಜಿನಿಯರಿಂಗು, ಹೊಟ್ಟೆಪಾಡಿಗೆ ಸಾಫ್ಟ್‌ವೇರು. ವಕೀಲನಲ್ಲ. ಆದರೂ ಇದಕ್ಕೆ ಉತ್ತರ ಕೊಡದೇ ಇರೋಕೆ ಆಗ್ತಿಲ್ಲ.

2025ರ ಮಾರ್ಚ್ 6ರ ರಾತ್ರಿ ನೆನಪಿದೆ ತಾನೆ? ಹೊಳೆಯಾಚೆ, ಗಂಗಾವತಿ ತಾಲ್ಲೂಕಿನ ಸಾಣಾಪುರದ ಹತ್ತಿರ ತುಂಗಭದ್ರಾ ಎಡದಂಡೆ ಕಾಲುವೆ ಪಕ್ಕ ಐದು ಜನ ಕೂತಿದ್ದರು. ಬೈಕಿನಲ್ಲಿ ಬಂದ ಮೂವರು ಮೊದಲು ಪೆಟ್ರೋಲ್ ಕೇಳಿದರು, ಆಮೇಲೆ ದುಡ್ಡು. ಆಮೇಲೆ ಗಂಡಸರನ್ನು ಕಾಲುವೆಗೆ ತಳ್ಳಿ ಇಬ್ಬರು ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ. ಒಡಿಶಾದಿಂದ ಬಂದಿದ್ದ ಪ್ರವಾಸಿ ಹೆಣವಾಗಿ ಸಿಕ್ಕಿದ. (ನಡೆದದ್ದು ಕೊಪ್ಪಳ ಜಿಲ್ಲೆಯಲ್ಲಿ, ಹೆಸರು ಕೆಟ್ಟಿದ್ದು ಹಂಪಿದು ಅಂತ ನಮ್ಮ ಬಜಾರಿನವರ ಗೋಳು. ಆ ಗೋಳು ಸದ್ಯಕ್ಕೆ ಪಕ್ಕಕ್ಕಿರಲಿ.)

ಆ ವಾರವೆಲ್ಲ ನನ್ನ ವಾಟ್ಸಾಪಿಗೆ ಯಾರ್ಯಾರದೋ ಮುಖಗಳು. "ಇವರೇ ಅವರು, ಎಲ್ಲರಿಗೂ ಕಳಿಸಿ." ನಿಜವಾಗಲೂ ಇವರೇನಾ ಅಂತ ಕೇಳಿದರೆ ಕಳಿಸಿದವರ ಹತ್ತಿರ ಉತ್ತರ ಇಲ್ಲ!

ನಮ್ಮ ದೇಶದ ಅತ್ಯಾಚಾರ ಪ್ರಕರಣಗಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಕಡೆ ಆರೋಪಿ ಆಕೆಗೆ ಮೊದಲೇ ಗೊತ್ತಿರುವವನು. ಅಲ್ಲಿ 'ಯಾರು' ಅನ್ನೋ ಜಗಳವೇ ಅಪರೂಪ. ಆದರೆ ಕತ್ತಲಲ್ಲಿ ಬಂದುಹೋದ ಅಪರಿಚಿತನ ಕೇಸಿನಲ್ಲಿ ಎಲ್ಲವೂ ನಿಲ್ಲೋದು ಅದರ ಮೇಲೆಯೇ. ಅದಕ್ಕೇ ಇರೋದು ಗುರುತು ಪತ್ತೆ ಪೆರೇಡ್. ಸಾಮಾನ್ಯವಾಗಿ ಜೈಲಿನೊಳಗೆ, ಮ್ಯಾಜಿಸ್ಟ್ರೇಟ್ ಎದುರು (ನಮ್ಮ ಕಡೆ ಹೆಚ್ಚಾಗಿ ತಹಶೀಲ್ದಾರರು), ಅದೇ ವಯಸ್ಸಿನ, ಅದೇ ಮೈಕಟ್ಟಿನ ಬೇರೆಯವರ ಜೊತೆ ಆರೋಪಿಯನ್ನ ಸಾಲಾಗಿ ನಿಲ್ಲಿಸ್ತಾರೆ. ಆಕೆ ನೋಡಿ "ಇವನು" ಅನ್ನಬೇಕು. ಮುಂದೆ ಕೋರ್ಟಿನಲ್ಲಿ ಆಕೆ ಬೆರಳು ತೋರಿಸಿ ಹೇಳೋದೇ ಮುಖ್ಯ ಸಾಕ್ಷಿ. ಪೆರೇಡು ಆ ಬೆರಳಿಗೆ ಬಲ.

ಈಗ ನಿಮ್ಮ ಫಾರ್ವರ್ಡು ಏನು ಮಾಡುತ್ತೆ ನೋಡಿ. ಪಾಟೀಸವಾಲಿನಲ್ಲಿ ಆರೋಪಿ ಪರ ವಕೀಲರದ್ದು ಒಂದೇ ಪ್ರಶ್ನೆ: "ಪೆರೇಡಿಗೆ ಮುಂಚೆ ಇವನ ಫೋಟೋ ಟೀವಿಯಲ್ಲೋ ಮೊಬೈಲಿನಲ್ಲೋ ನೋಡಿದ್ದಿರಾ ಅಮ್ಮಾ?" ಹೌದು ಅಂದರೆ ಮುಗೀತು. ಆಕೆ ಗುರುತಿಸಿದ್ದು ಆ ರಾತ್ರಿಯ ಮುಖವನ್ನೋ ಟೀವಿಯ ಮುಖವನ್ನೋ? ಜಡ್ಜು ಹೇಗೆ ತೀರ್ಮಾನಿಸಬೇಕು?

2016ರ ಸೆಕೆಂಡ್ ಪಿಯು ಕೆಮಿಸ್ಟ್ರಿ ಪೇಪರ್ ಲೀಕ್ ನೆನಪಿರಬಹುದು, ನಮ್ಮದೇ ಬ್ಯಾಚು. ಬರೆದದ್ದು ರದ್ದು, ಮರುಪರೀಕ್ಷೆಯ ಪೇಪರೂ ಲೀಕು, ಅದೂ ರದ್ದು. ಬೈಕೊಂಡು ಬೈಕೊಂಡು ಮತ್ತೆ ಓದಿ ಬರೆದೆವು. ಪೆರೇಡಿಗೆ ಆ ಭಾಗ್ಯವಿಲ್ಲ. ಒಮ್ಮೆ ನೋಡಿದ ಫೋಟೋವನ್ನ ಆಕೆಯ ತಲೆಯಿಂದ ಡಿಲೀಟ್ ಮಾಡೋ ಬಟನ್ನು ಯಾವ ಸಾಫ್ಟ್‌ವೇರಿನಲ್ಲೂ ಇಲ್ಲ.

"ಇದೆಲ್ಲ ಟೆಕ್ನಿಕಲ್ ಮಾತು, ಕೋರ್ಟು ಬಿಡಲ್ಲ" ಅನ್ನೋರು ದೆಹಲಿಯ ಛಾವಲಾ ಕೇಸು ನೋಡಿ. 2012ರಲ್ಲಿ 19 ವರ್ಷದ ಹುಡುಗಿಯ ಅಪಹರಣ, ಅತ್ಯಾಚಾರ, ಕೊಲೆ. ಕೆಳ ಕೋರ್ಟಿನಲ್ಲೂ ಹೈಕೋರ್ಟಿನಲ್ಲೂ ಮೂವರಿಗೆ ಗಲ್ಲು. 2022ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ಮೂವರನ್ನೂ ಬಿಡುಗಡೆ ಮಾಡಿತು. ಕೊಟ್ಟ ಕಾರಣಗಳಲ್ಲಿ ಒಂದು: ಪೆರೇಡೇ ನಡೆಸಿರಲಿಲ್ಲ, ಸಾಕ್ಷಿಗಳಲ್ಲಿ ಒಬ್ಬರೂ ಕೋರ್ಟಿನಲ್ಲಿ ಆರೋಪಿಗಳನ್ನ ಗುರುತಿಸಲಿಲ್ಲ.

ಡಿಎನ್ಎ ಇದೆಯಲ್ಲ ಅಂತೀರಾ? ಅದೇ ಕೇಸಿನಲ್ಲಿ ಡಿಎನ್ಎ ಕೂಡ ಇತ್ತು. ಸ್ಯಾಂಪಲ್‌ಗಳು ಲ್ಯಾಬಿಗೆ ಹೋಗದೆ ದಿನಗಟ್ಟಲೆ ಪೊಲೀಸ್ ಮಾಲ್‌ಖಾನಾದಲ್ಲಿ ಬಿದ್ದಿದ್ದವು, ಕೋರ್ಟು ಅದನ್ನೂ ನಂಬಲಿಲ್ಲ.

ನಿಜ, ಪೆರೇಡ್ ನಡೆಯದಿದ್ದರೆ ಕೇಸು ಬಿದ್ದೇಬಿಡುತ್ತೆ ಅಂತಲ್ಲ. ಮಲ್ಖಾನ್ ಸಿಂಗ್ ಪ್ರಕರಣದಲ್ಲಿ (2003) ಆಕೆ ಅವರನ್ನ ಚೆನ್ನಾಗಿ ನೋಡಿದ್ದಳು ಅಂತ ಸುಪ್ರೀಂ ಕೋರ್ಟು ಕೋರ್ಟಿನಲ್ಲಿ ಗುರುತಿಸಿದ್ದನ್ನೇ ಒಪ್ಪಿಕೊಂಡಿತು. ಆದರೆ ಅಂಥ ಅದೃಷ್ಟದ ಮೇಲೆ ಒಬ್ಬ ಹೆಣ್ಣುಮಗಳ ನ್ಯಾಯವನ್ನ ಪಣಕ್ಕಿಡೋಕೆ ನಾವ್ಯಾರು? ಅದೂ ನಮ್ಮೂರಿನಲ್ಲಿ, ಸಂತ್ರಸ್ತೆ ವಾರದೊಳಗೆ ವಿಮಾನ ಹತ್ತಬೇಕಾದ ಪ್ರವಾಸಿಯಾಗಿರೋ ಸಾಧ್ಯತೆ ಇರೋವಾಗ!

ಹಾಗಾಗಿ ಪೊಲೀಸ್ ಸಾಹೇಬರೇ, ಪ್ರೆಸ್‌ಮೀಟಿನ ಗ್ರೂಪ್ ಫೋಟೋ ಪೆರೇಡ್ ಮುಗಿಯೋ ತನಕ ಬೇಡ. ಟೀವಿಯವರೇ, ಕೆಂಪು ರೌಂಡು ಹಾಕಿ ಮುಖ ತೋರಿಸೋದು ಅಲ್ಲಿಯವರೆಗೆ ನಿಲ್ಲಲಿ. ಬಜಾರಿನ ಅಣ್ಣಂದಿರೇ, ಮುಂದಿನ ಸಲ "ಇವನೇ ಅವನು" ಅಂತ ಫೋಟೋ ಬಂದರೆ ನನಗೆ ಕಳಿಸಬೇಡಿ. ಆಕೆಯ ಕೈಗೆ ಯಾವ ಗ್ರೂಪಿನಿಂದ ತಲುಪುತ್ತೆ ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.